ಕಾಡಿಗೆ ಹೋಗದ ಮೇಷ್ಟರ ಜ್ವರ

ಮಲೆನಾಡಿನ ಆಸ್ಪತ್ರೆಯೊಂದರಲ್ಲಿ ನಾಲ್ಕಾರು ವರ್ಷ ದುಡಿದ ವೈದ್ಯನಿಗೆ ಪಂಚಾಂಗ ನೋಡದೆಯೇ ಋತುಮಾನ ತಿಳಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ನೆಗಡಿ, ಭೇದಿ, ಕಾಲ್ಬೆರಳ ಸಂದಿಯ ಕೆಸರುಹುಣ್ಣು. ಅಡಕೆಯ ಕೊಯ್ಲು ಬಂತೆಂದರೆ ಮರದಿಂದ ಜಾರಿ ಸೊಂಟ ಮುರಿದುಕೊಂಡ ಕೊನೆಗೌಡರು. ಕೊಯ್ಲೆಲ್ಲ ಮುಗಿದು, ಕಾಡಿನ ಮರಗಳು ಎಲೆಯುದುರಿಸತೊಡಗಿ, ಪುಷ್ಯ ಮಾಘಗಳ ಬಿಸಿಲು ಮೆಲ್ಲಗೆ ಬಲಿಯುವ ವೇಳೆಗೆ, ಆ ಕಾಲದಲ್ಲಿ ಬೇರೆಲ್ಲಿಯೂ ಕಾಣದೆ ಆ ಸೀಮೆಗೇ ಮೀಸಲಾದಂತಿದ್ದ ಒಂದು ಜ್ವರ. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಿದ್ದರು. ಪುಸ್ತಕಗಳಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯೆಂದು ಹೆಸರು. ರಾಗಿಯ ಹೊಲಗಳ ನಡುವೆ ಬೆಳೆದು, ಮೈಸೂರಿನಲ್ಲಿ ವೈದ್ಯಕೀಯ ಓದಿದ ನಾನು, 1970ರ ದಶಕದ ಆದಿಭಾಗದಲ್ಲಿ ಸಾಗರ ಸೀಮೆಯ ಸರಕಾರಿ ಆಸ್ಪತ್ರೆಯೊಂದಕ್ಕೆ ವರ್ಗವಾಗಿ ಬಂದಾಗ, ಆ ಕಾಯಿಲೆಯನ್ನು ಪರೀಕ್ಷೆಗೆಂದು ಉರುಹಚ್ಚಿದ್ದೆನೇ ಹೊರತು ಕಣ್ಣಿನಿಂದ ಕಂಡವನಲ್ಲ.

ಅದರ ಪೂರ್ವಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳುತ್ತಿವೆಯೆಂದೂ, ಅದೇ ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಕಠಿನವಾದ ಜ್ವರವೊಂದು ಹಬ್ಬುತ್ತಿದೆಯೆಂದೂ ಸುದ್ದಿ ಹೋದಾಗ, ಐದು ವರ್ಷಗಳ ಹಿಂದಷ್ಟೆ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬೆಚ್ಚಿದುದಕ್ಕೆ ತಕ್ಕ ಕಾರಣವಿತ್ತು: ಕಾಡಿನಲ್ಲಿ ಮಂಗ ಸಾಯುವುದು, ಊರಿನಲ್ಲಿ ಮನುಷ್ಯ ಜ್ವರದಿಂದ ರಕ್ತ ಕಾರುವುದು, ಇವೆರಡೂ ಕೂಡಿದರೆ ಅದು ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರದ ಲಕ್ಷಣ, ಏಷ್ಯಾಖಂಡದಲ್ಲಿ ಆ ಜ್ವರ ಎಂದೂ ನೆಲೆಯೂರಿರಲಿಲ್ಲವಾದರೂ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಊರೂರುಗಳಲ್ಲಿ ಧಾರಾಳವಾಗಿತ್ತು. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನ ಕಡಿತದಿಂದ ಬರುವ ಮಿದುಳುಜ್ವರದ ದಾಯಾದಿಯಾಗಿತ್ತು. ಹಾಗಾದರೆ ಸೈಬೀರಿಯದ ಕಡೆಯದು ಸೊರಬಕ್ಕೆ ಬಂದುದೆಂತು, ವಲಸೆಯ ಹಕ್ಕಿಗಳ ಗರಿಯಲ್ಲಿ ಅಡಗಿಯೆ, ಎಂಬ ಸಂದೇಹದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಸಲೀಂ ಅಲಿಯವರ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ಅವುಗಳ ಸಂಚಾರವನ್ನು ತಿಳಿಯಲೆಂದು ನೆರವು ಕೊಟ್ಟಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಆ ನೆಪದಿಂದ ನಮ್ಮ ದೇಶದ ಪಕ್ಷಿಶಾಸ್ತ್ರಕ್ಕೆ ಒದಗಿದ ಲಾಭವನ್ನು ನೋಡಿದರೆ, ಕಾಯಿಲೆಗಳಿಂದಲೂ ಒಮ್ಮೊಮ್ಮೆ ವಿದ್ಯಾವೃದ್ಧಿಯಾಗುತ್ತದೆಯೆನ್ನಬೇಕು.

ನಿಜವಾದ ಅಪರಾಧಿ ಕಾಡಿನ ಉಣುಗು. ಅದರ ಬೆಳೆದ ಅವಸ್ಥೆ ದನಗಳ ಮೈಮೇಲೆ ಹೊಟ್ಟೆ ತುಂಬಿಕೊಳ್ಳುತ್ತದೆ. ಮರಿಯ ಅವಸ್ಥೆ, ಸಾಸಿವೆ ಕಾಳಿಗಿಂತ ಚಿಕ್ಕದು, ಇಲಿ ಹೆಗ್ಗಣಗಳನ್ನೂ ಮಂಗಗಳನ್ನೂ ಸಿಕ್ಕಿದರೆ ಮನುಷ್ಯನನ್ನೂ ಹಿಡಿಯುತ್ತದೆ, ಮತ್ತು ಮಳೆ ನಿಂತು ನೆಲ ಒಣಗಿದ ತಿಂಗಳುಗಳೇ ಅದಕ್ಕೆ ಸುಗ್ಗಿ. ಸಾಗರದಲ್ಲಿ ಕ್ಷೇತ್ರಕಾರ್ಯ ನಡೆಸಿದ ಹೋರ್ಹೆ ಬೊಶೆಲ್ ಎಂಬ ಕೊಲಂಬಿಯ ದೇಶದ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕಾಡನ್ನು ಕಡಿದು ಅಂಚಿನಲ್ಲಿ ದನ ಮೇಯಿಸತೊಡಗಿದುದೇ ಉಣುಗಿನ ಸಂತತಿ ಮಿತಿಮೀರಿ ಬೆಳೆಯುವುದಕ್ಕೆ ಅವಕಾಶ ಮಾಡಿತೆಂದು ವಿವರಿಸಿದ. ಕಾಯಿಲೆ ಹೊರಗಿನಿಂದ ಬಂದುದಲ್ಲ, ಕಾಡಿನಲ್ಲಿ ಮೊದಲೇ ಇದ್ದುದನ್ನು ನಾವೇ ಎಬ್ಬಿಸಿದೆವು ಎಂಬ ಆ ಮಾತು ನನಗೆ ಇಂದಿಗೂ ಸರಿಯೆಂದು ತೋರುತ್ತದೆ.

ಇನ್ನು ಮೇಷ್ಟರ ವಿಷಯ. ಮಾಘಮಾಸದ ಒಂದು ಮಧ್ಯಾಹ್ನ, ಹೊರರೋಗಿಗಳೆಲ್ಲ ಕರಗಿದ ಮೇಲೆ, ಎತ್ತಿನ ಗಾಡಿಯೊಂದು ಆಸ್ಪತ್ರೆಯ ಮುಂದೆ ಬಂದು ನಿಂತಿತು. ಹುಲ್ಲಿನ ಮೇಲೆ ಜಮಖಾನ ಹಾಸಿ ಮಲಗಿಸಿದ್ದ ಯುವಕ ದೂರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮೇಷ್ಟರು, ನನ್ನಂತೆಯೇ ಬಯಲುಸೀಮೆಯವರು. ಜೊತೆಯಲ್ಲಿ ಬಂದವರು ಅವರಿಗೆ ತಮ್ಮ ಮನೆಯ ಹೊರಕೋಣೆಯನ್ನು ಬಿಟ್ಟುಕೊಟ್ಟಿದ್ದ ತೋಟದ ಯಜಮಾನರು.

“ಐದು ದಿನದ ಜ್ವರ, ಡಾಕ್ಟ್ರೇ,” ಎಂದರು ಯಜಮಾನರು. “ನಿನ್ನೆಯಿಂದ ವಸಡಲ್ಲಿ ರಕ್ತ. ಹಾವು ಗೀವು ಮುಟ್ಟಿತೋ ಏನೋ ಅಂತ ನಮ್ಮನೆಯವಳಿಗೆ ಹೆದರಿಕೆ.”

ಆ ಹೆದರಿಕೆ ನಗುವಂಥದಲ್ಲ. ಮಲೆನಾಡಿನಲ್ಲಿ ವಸಡಿನಿಂದ ರಕ್ತ ಒಸರಿತೆಂದರೆ ಮಂಡಲದ ಹಾವನ್ನು ನೆನೆಯುವುದು ವಿವೇಕವೇ ಸರಿ. ಆದರೆ ಹಾವು ಕಚ್ಚಿದವನಿಗೆ ಐದು ದಿನ ಮೊದಲೇ ಜ್ವರ ಬರುವುದಿಲ್ಲ. ಕಾಲಿನಲ್ಲಿ ಬಾವಾಗಲಿ ಹಲ್ಲಿನ ಗುರುತಾಗಲಿ ಇರಲಿಲ್ಲ. ಮೇಷ್ಟರನ್ನು ಒಳಗಿನ ಮಂಚಕ್ಕೆ ಎತ್ತಿ ಹಾಕಿಸಿ ನೋಡತೊಡಗಿದೆ. ಕಣ್ಣು ಕೆಂಡದಂತೆ ಕೆಂಪು. ಉಷ್ಣಮಾಪಕದಲ್ಲಿ 103 ಡಿಗ್ರಿ. ಅಷ್ಟು ಜ್ವರಕ್ಕೆ ನಾಡಿ ನೂರರ ಮೇಲೆ ಓಡಬೇಕಾದುದು ಎಪ್ಪತ್ತರ ಒಳಗೇ ನಿಧಾನವಾಗಿ ಬಡಿಯುತ್ತಿತ್ತು. ಮೀನಖಂಡಗಳನ್ನು ಬೆರಳಿನಿಂದ ಒತ್ತಿದರೆ ಸಾಕು, ಹಲ್ಲು ಕಚ್ಚುವರು. ಹೊದಿಕೆಯ ಅಂಚು ತಾಕಿದರೂ ನರಳುವರು. ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದಾಗ, ವಸಡಿನ ರಕ್ತವನ್ನು ಒರೆಸಿದ ಮೇಲೆ, ಅಂಗುಳದ ಹಿಂಭಾಗದ ಮೆತ್ತನೆಯ ಜಾಗದಲ್ಲಿ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಕೆಂಪು ನೆಲದ ಮೇಲೆ ಹೊಳೆದವು. ರಕ್ತದೊತ್ತಡ ನೋಡಲೆಂದು ತೋಳಿಗೆ ಕಟ್ಟಿದ ಪಟ್ಟಿಯನ್ನು ಕೆಲವು ನಿಮಿಷ ಬಿಗಿಯಾಗಿಯೇ ಬಿಟ್ಟಾಗ, ಮೊಣಕೈಯ ಕೆಳಗೆ ಚರ್ಮದೊಳಗೆ ರಕ್ತದ ಚುಕ್ಕೆಗಳು ಎದ್ದುವು.

ರಕ್ತ ಕಂಡೊಡನೆ ರೋಗಿಯ ಕಡೆಯವರ ಕಣ್ಣಷ್ಟೇ ಅಲ್ಲ, ವೈದ್ಯನ ಕಣ್ಣೂ ಅದರಲ್ಲಿಯೇ ನಟ್ಟುಬಿಡುತ್ತದೆ. ಆದರೆ ರಕ್ತಸ್ರಾವವೆಂಬುದು ಹತ್ತಾರು ರೋಗಗಳಿಗೆ ಸಮಾನವಾದ ಬಾಗಿಲು. ಒಳಗಿರುವವರು ಯಾರೆಂಬುದನ್ನು ಅದು ಹೇಳದು. ಹೇಳುವುವು ಅದರ ಜೊತೆಯ ಚಿಕ್ಕ ಚಿಕ್ಕ ಲಕ್ಷಣಗಳು. ನಾಡಿ ನಿಧಾನವಾಗಿರುವುದು ವಿಷಮಶೀತಜ್ವರದಲ್ಲಿಯೂ ಉಂಟು, ಆದರೆ ಆ ಜ್ವರ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಹೊರತು ಒಂದೇ ಸಂಜೆಗೆ ಮನುಷ್ಯನನ್ನು ಕೆಡಹುವುದಿಲ್ಲ, ರಕ್ತ ಹೋಗುವುದಾದರೂ ಮೂರನೆಯ ವಾರದ ಮಾತು. ಕಣ್ಣು ಕೆಂಪಾಗುವುದು, ಮೀನಖಂಡ ನೋಯುವುದು ಇಲಿಜ್ವರದಲ್ಲಿ ಉಂಟು, ಆದರೆ ಅದರಲ್ಲಿ ರಕ್ತದ ಬಿಳಿಯ ಕಣಗಳು ಹೆಚ್ಚುತ್ತವೆ. ನಮ್ಮ ಪ್ರಯೋಗಶಾಲೆ ಎಂದರೆ ಕಿಟಕಿಯ ಬಳಿಯ ಒಂದು ಮೇಜು, ಕನ್ನಡಿಯಿಂದ ಬಿಸಿಲನ್ನು ಹಿಡಿಯುವ ಒಂದು ಸೂಕ್ಷ್ಮದರ್ಶಕ. ಅದರ ಮುಂದೆ ಕುಳಿತು ಎಣಿಸಿದಾಗ ಮೇಷ್ಟರ ಬಿಳಿಯ ಕಣಗಳು ಸಹಜವಾಗಿ ಇರಬೇಕಾದುದರ ಅರ್ಧಕ್ಕಿಂತಲೂ ಕಡಿಮೆ. ಮಲೇರಿಯದ ಪರೋಪಜೀವಿ ಇಲ್ಲ. ಬಿಳಿಯ ಕಣಗಳು ರೂಪಗೆಟ್ಟಿಲ್ಲವಾದುದರಿಂದ ರಕ್ತದ ಅರ್ಬುದವೂ ಅಲ್ಲ. ಉಳಿದುದು ವೈರಾಣುವಿನ ಜ್ವರ. ಅದರಲ್ಲಿಯೂ ಡೆಂಗಿಯೆ, ಮಂಗನ ಕಾಯಿಲೆಯೆ? ಕಲ್ಕತ್ತದಲ್ಲಿ 1963ರ ವೇಳೆಗೆ ರಕ್ತಸ್ರಾವದ ಡೆಂಗಿ ಹಬ್ಬಿದುದನ್ನು ಓದಿದ್ದೆ. ಆದರೆ ನಿಧಾನವಾದ ನಾಡಿ, ಅಂಗುಳದ ಗುಳ್ಳೆ, ಮಾಘಮಾಸ ಇವು ಮೂರೂ ಎರಡನೆಯದರ ಕಡೆಗೇ ಬೆರಳು ತೋರಿಸುತ್ತಿದ್ದುವು.

ಅಡ್ಡಿಯಾದುದು ಒಂದೇ ಸಂಗತಿ. “ಮೇಷ್ಟ್ರು ಕಾಡಿಗೆ ಹೋದವರೇ ಅಲ್ಲ,” ಎಂದರು ಯಜಮಾನರು. “ಶಾಲೆ, ಮನೆ, ಶನಿವಾರ ಸಂತೆ. ಅಷ್ಟೇ. ಕಾಡು ಅಂದ್ರೆ ಅವರಿಗೆ ಹೆದರಿಕೆ.” ಮಂಗ ಸತ್ತುದೂ ಆ ಊರಿನಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಕಾಡಿಗೆ ಹೋಗದವನಿಗೆ ಕಾಡಿನ ಉಣುಗು ಕಚ್ಚುವುದೆಂತು?

ಮರುದಿನ, ಬಸ್ಸಿನಲ್ಲಿ ಕಳ್ಳತನದಿಂದ ಬಂದವರಂತೆ ನಾಲ್ಕು ಹುಡುಗರು ಮೇಷ್ಟರನ್ನು ನೋಡಲು ಬಂದರು. ಕಿಟಕಿಯ ಸರಳು ಹಿಡಿದು ಒಬ್ಬರ ಭುಜದ ಮೇಲೊಬ್ಬರು ಇಣುಕುತ್ತಿದ್ದ ಅವರನ್ನು ಒಳಕ್ಕೆ ಕರೆದು, ಒಂದೊಂದು ಪೆಪ್ಪರಮೆಂಟು ಕೊಟ್ಟು, ಕಾಡಿನಲ್ಲಿ ಸತ್ತ ಮಂಗವನ್ನೇನಾದರೂ ನೋಡಿದ್ದೀರಾ ಎಂದು ಕೇಳಿದೆ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

“ಹೊಳೆ ಹತ್ರ ಒಂದು ಮುಸಿಯ ಸತ್ ಬಿದ್ದಿತ್ತು ಸಾ,” ಎಂದ ಅವರಲ್ಲಿ ಗಟ್ಟಿಗ. “ಕೋಲಲ್ಲಿ ಮಗಚಿ ನೋಡಿದ್ವಿ.”

“ಯಾರಿಗೂ ಯಾಕೆ ಹೇಳಲಿಲ್ಲ?”

“ಮನೇಲಿ ಹೇಳಿದ್ರೆ ಬೈತಾರೆ. ಮೇಷ್ಟ್ರಿಗೆ ಹೇಳಣ ಅಂದ್ರೆ, ಮೇಷ್ಟ್ರಿಗೇ ಜ್ವರ ಬಂದಿತ್ತು.”

ಹೊಳೆಯ ಬಳಿ ಎಂದರೆ ಎಲ್ಲಿ ಎಂದು ಕೆದಕಿದಾಗ, ಅದು ಯಜಮಾನರ ಸೊಪ್ಪಿನಬೆಟ್ಟದ ಬುಡವೆಂದು ತಿಳಿಯಿತು. ಅಡಕೆಯ ತೋಟವಿದ್ದವರಿಗೆಲ್ಲ ಸೊಪ್ಪಿಗಾಗಿ ಬಿಟ್ಟ ಬೆಟ್ಟವುಂಟು; ಎಲೆಯುದುರುವ ಕಾಲದಲ್ಲಿ ಹೆಂಗಸರು, ಆಳುಗಳು ಅಲ್ಲಿನ ದರಕನ್ನು, ಎಂದರೆ ಉದುರಿದ ಒಣ ಎಲೆಗಳನ್ನು, ಗುಡಿಸಿ, ದೊಡ್ಡ ದೊಡ್ಡ ಹೆಡಿಗೆಗಳಲ್ಲಿ ಹೊತ್ತು ತಂದು ಕೊಟ್ಟಿಗೆಯ ಹಿಂದೆ ರಾಶಿ ಹಾಕುತ್ತಾರೆ, ಅದನ್ನು ದಿನಕ್ಕಷ್ಟು ದನದ ಕಾಲಡಿಗೆ ಹಾಸಿ ತೋಟಕ್ಕೆ ಗೊಬ್ಬರ ಮಾಡುತ್ತಾರೆ. ಮಂಗ ಸತ್ತು ಮೈ ತಣ್ಣಗಾಯಿತೆಂದರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ಎಲೆಗಳಲ್ಲಿ ಹರಡುತ್ತವೆ. ಜ್ವರ ಕೊಂಚ ಇಳಿದು ಮೇಷ್ಟರು ಕಣ್ಣು ತೆರೆದಿದ್ದ ಸಂಜೆ, ಕಾಡಿಗೆ ಹೋಗಿದ್ದಿರಾ ಎಂದು ಮತ್ತೆ ಕೇಳದೆ, ಶಾಲೆ ಬಿಟ್ಟ ಮೇಲೆ ಎಲ್ಲಿ ಕೂಡುತ್ತೀರಿ ಎಂದು ಕೇಳಿದೆ.

“ಕೊಟ್ಟಿಗೆ ಹಿಂದೆ,” ಎಂದರು, ಒಡೆದ ತುಟಿಗಳ ನಡುವಿನಿಂದ. “ದರಕಿನ ರಾಶಿ ಮೇಲೆ ಪಂಚೆ ಹಾಸ್ಕೊಂಡು ಕಾಪಿ ತಿದ್ತೀನಿ. ಮೆತ್ತಗಿರುತ್ತೆ, ಸಾರ್.”

ಸೊಂಟದಲ್ಲಿ, ಪಂಚೆಯ ಬಿಗಿತದ ಸುತ್ತ, ತುರಿಸಿ ತುರಿಸಿ ಕಪ್ಪಗಾಗಿದ್ದ ಮೂರು ನಾಲ್ಕು ಚುಕ್ಕೆಗಳಿಗೆ ಆಗ ಅರ್ಥ ಬಂತು. ಮನೆಯವರಿಗೆ ಬಾರದ ಕಾಯಿಲೆ ಬಿಡಾರದವನಿಗೆ ಬಂದುದೇಕೆ ಎಂದು ಯಜಮಾನರು ಕೇಳಿದರು. ಎಲ್ಲ ಉಣುಗಿನಲ್ಲಿಯೂ ವೈರಾಣು ಇರುವುದಿಲ್ಲ, ಕಚ್ಚಿಸಿಕೊಂಡವರೆಲ್ಲರಿಗೂ ಕಾಯಿಲೆ ಏಳುವುದಿಲ್ಲ, ಎಂದಷ್ಟೇ ನಾನು ಹೇಳಬಲ್ಲವನಾಗಿದ್ದೆ.

ರಕ್ತವನ್ನು ತೆಗೆದು, ಗಟ್ಟಿಯಾಗಿ ಮುಚ್ಚಿ, ಐಸಿನ ಚೂರುಗಳ ನಡುವೆ ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು ಜಿಲ್ಲಾ ಕೇಂದ್ರದ ಮೂಲಕ ಪುಣೆಗೆ ಕಳುಹಿಸುವ ಏರ್ಪಾಟಾಯಿತು. ಅಲ್ಲಿ ಅದನ್ನು ಆಗ ತಾನೆ ಹುಟ್ಟಿದ ಇಲಿಮರಿಗಳ ಮಿದುಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವುವೋ ಎಂದು ಕಾದು, ಬಿದ್ದರೆ ಅದು ಯಾವ ವೈರಾಣುವಿನಿಂದ ಎಂಬುದನ್ನು ಪ್ರತಿಕಾಯಗಳೊಡನೆ ತಾಳೆ ನೋಡಿ ನಿರ್ಧರಿಸಬೇಕು. ಕೆಲವು ವಾರಗಳ ಮೇಲೆ ರೋಗಿಯ ರಕ್ತವನ್ನು ಮತ್ತೊಮ್ಮೆ ಪಡೆದು ಹೋಲಿಸಬೇಕು. ಪ್ರಯೋಗಾಲಯಗಳಲ್ಲಿ ಆ ರಕ್ತವನ್ನು ಮುಟ್ಟಿದ ಕೆಲಸಗಾರರೇ ಕಾಯಿಲೆ ಬಿದ್ದ ಪ್ರಸಂಗಗಳುಂಟು. ಇಷ್ಟೆಲ್ಲ ನಡೆದು ಉತ್ತರ ಬರುವುದರೊಳಗೆ ರೋಗಿ ಒಂದೋ ಗುಣವಾಗಿರುತ್ತಾನೆ, ಅಥವಾ ತೀರಿಕೊಂಡಿರುತ್ತಾನೆ.

ಔಷಧವಿಲ್ಲದ ರೋಗಕ್ಕೆ ಹೆಸರಿಟ್ಟು ಫಲವೇನು ಎಂದು ಆಗ ನನ್ನ ಕಿರಿಯ ಸಹೋದ್ಯೋಗಿಯೊಬ್ಬ ಕೇಳಿದ್ದುಂಟು. ಈ ಪ್ರಶ್ನೆಗೆ ಉತ್ತರವನ್ನು ಹೇಳುವುದೇ ಈ ಬರಹದ ಉದ್ದೇಶವೆಂದರೂ ಸಲ್ಲುತ್ತದೆ. ಹೆಸರು ತಿಳಿದುದರಿಂದ ನಾವು ಮಾಡಿದುದು ಸ್ವಲ್ಪ. ಮಾಡದೆ ಬಿಟ್ಟುದು ಬಹಳ. ಆ ಕಾಲದ ಸರಕಾರಿ ಆಸ್ಪತ್ರೆಗಳಲ್ಲಿ ಮೈಕೈ ನೋವೆಂದವರಿಗೆಲ್ಲ ಕಂಪೌಂಡರು ಎಣಿಸಿ ಕೊಡುತ್ತಿದ್ದುದು ಎ.ಪಿ.ಸಿ. ಮಾತ್ರೆ, ಅದರೊಳಗಿನ ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆದು, ಮೊದಲೇ ಒಸರುತ್ತಿದ್ದವನನ್ನು ಇನ್ನಷ್ಟು ಒಸರಿಸುತ್ತದೆ. ಅದನ್ನು ನಿಲ್ಲಿಸಿದೆವು. ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ ಚುಚ್ಚಿದಲ್ಲಿ ರಕ್ತ ಗಡ್ಡೆಕಟ್ಟುತ್ತದೆಯಾಗಿ, “ಒಂದು ಇಂಜೆಕ್ಷನ್ ಆದ್ರೂ ಹಾಕಿ, ಡಾಕ್ಟ್ರೇ” ಎಂದು ಯಜಮಾನರು ಬೇಡಿದರೂ ಚುಚ್ಚಲಿಲ್ಲ. ಸೂಜಿಯಿಲ್ಲದ ಚಿಕಿತ್ಸೆಯನ್ನು ಚಿಕಿತ್ಸೆಯೆಂದು ಒಪ್ಪಿಸುವುದು ಆಗ ರೋಗಕ್ಕಿಂತ ದೊಡ್ಡ ಸವಾಲಾಗಿತ್ತು. ಒಂದರ ಮೇಲೊಂದು ಹೊಸ ಔಷಧವನ್ನು ಪ್ರಯೋಗಿಸಿ ನೋಡುವ ಚಪಲವನ್ನು ಬಿಟ್ಟು, ನರಕ್ಕೆ ಲವಣಜಲವನ್ನು ಹನಿಸುತ್ತ, ರಕ್ತದೊತ್ತಡ ಕುಸಿಯದಂತೆ ಕಾದು, ಮಲದ ಬಣ್ಣ ಕಪ್ಪಾಯಿತೇ ಎಂದು ದಿನವೂ ನೋಡುತ್ತ ಕುಳಿತೆವು. ಈ ಕಾಯಿಲೆಯಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಉಳಿದವರನ್ನು ಉಳಿಸುವುದು ಬಹುಮಟ್ಟಿಗೆ ಅವರ ದೇಹವೇ, ವೈದ್ಯ ಅಡ್ಡಬರದಿದ್ದರೆ. ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲವೆಂಬುದೂ ಹೆಸರಿನ ಜೊತೆಗೇ ತಿಳಿದುದರಿಂದ, ಹತ್ತಿರ ಬರಲು ಹಿಂಜರಿಯುತ್ತಿದ್ದ ವಾರ್ಡಿನ ಆಯಾ ಧೈರ್ಯವಾಗಿ ಮೇಷ್ಟರ ಬಾಯಿ ತೊಳೆಸಿ ಗಂಜಿ ಕುಡಿಸಿದಳು.

ಹನ್ನೊಂದನೆಯ ದಿನದ ಹೊತ್ತಿಗೆ ಜ್ವರ ಪೂರ್ತಿ ಬಿಟ್ಟಿತು, ವಸಡೂ ಒಣಗಿತು. ಮೇಷ್ಟರ ತಂದೆ ಊರಿನಿಂದ ಬಂದಿದ್ದವರು, ಮಗನನ್ನು ಕರೆದೊಯ್ಯಲು ಟ್ರಂಕು ಕಟ್ಟಿ ನಿಂತರು. ಹೆಸರು ತಿಳಿಯದಿದ್ದರೆ ನಾನೂ ಸಂತೋಷದಿಂದ ಕಳುಹಿಸಿಕೊಡುತ್ತಿದ್ದೆ. ಆದರೆ ಈ ಕಾಯಿಲೆ ಒಮ್ಮೆ ಹೊರಟುಹೋದಂತೆ ನಟಿಸಿ, ಒಂದೆರಡು ವಾರ ಸುಮ್ಮನಿದ್ದು, ಕೆಲವರಲ್ಲಿ ಎರಡನೆಯ ಸಲ ಮಿದುಳಿನ ಕಡೆಯಿಂದ ಬರುತ್ತದೆ. ಆಸ್ಪತ್ರೆಯ ಹತ್ತಿರದಲ್ಲಿಯೇ ಒಂದು ಬಿಡಾರದಲ್ಲಿರಬೇಕೆಂದು ನಾನು ಹಠ ಹಿಡಿದುದು ಆ ಹಿರಿಯರಿಗೆ ಹಿತವಾಗಲಿಲ್ಲ, “ಜ್ವರ ಬಿಟ್ಟವನನ್ನು ಇಟ್ಟುಕೊಂಡು ಏನು ಮಾಡ್ತೀರಿ ಸ್ವಾಮಿ?” ಎಂದು ಎರಡು ಸಲ ಕೇಳಿದರು. ಎರಡನೆಯ ಜ್ವರ ಬಂದಿತು: ಕತ್ತು ಬಿಗಿಯಿತು, ಬೆಳಕು ನೋಡಲಾರದಾಯಿತು, ಚಾಚಿದ ಕೈಗಳು ಗಡಗಡನೆ ನಡುಗಿದುವು, ಒಂದು ರಾತ್ರಿಯೆಲ್ಲ ಮೇಷ್ಟರು ಇಲ್ಲದ ಹುಡುಗರಿಗೆ ಮಗ್ಗಿ ಹೇಳಿಕೊಟ್ಟರು. ಅದೂ ಇಳಿಯಿತು. ಪುಣೆಯ ಉತ್ತರ ಬಂದುದು ಅದಾದ ಮೇಲೆ. ನಮ್ಮ ಊಹೆಯೇ ನಿಜವಾಗಿತ್ತು. ಕೈಯ ನಡುಕ ಹೋಗಿ ಕರಿಹಲಗೆಯ ಮೇಲಿನ ಅಕ್ಷರ ಮೊದಲಿನಂತೆ ದುಂಡಗಾಗಲು ಮಳೆಗಾಲದವರೆಗೂ ಹಿಡಿಯಿತೆಂದು ಆಮೇಲೆ ಕೇಳಿದೆ.

ದರಕಿನ ರಾಶಿಯ ವಿಷಯದಲ್ಲಿ ಮಾತ್ರ ಯಜಮಾನರೂ ನಾನೂ ಒಮ್ಮತಕ್ಕೆ ಬರಲಿಲ್ಲ. ಸುಟ್ಟುಬಿಡಿ ಎಂದೆ. “ಸುಟ್ಟು ತೋಟಕ್ಕೇನು ಹಾಕಲಿ? ನಿಮ್ಮ ಮಾತ್ರೆ ಹಾಕಲೋ?” ಎಂದರು ಅವರು. ಆ ಪ್ರಶ್ನೆ ಒರಟಾಗಿತ್ತೇ ಹೊರತು ಅನ್ಯಾಯವಾಗಿರಲಿಲ್ಲ. ದರಕಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಅಡಕೆಯಿಲ್ಲ; ಆರೋಗ್ಯ ಇಲಾಖೆಯ ಕರಪತ್ರಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಸಲಹೆ ಮಲೆನಾಡಿನ ಒಂದು ಮನೆಯ ವರ್ಷದ ಅನ್ನಕ್ಕೆ ಕೈಹಾಕುತ್ತದೆಂಬುದನ್ನು ಕರಪತ್ರ ಬರೆಯುವವರು ಎಣಿಸಿದಂತಿಲ್ಲ.

ಆ ಸೀಮೆಗೇ ಮೀಸಲೆಂದು ನಾವು ತಿಳಿದಿದ್ದ ಕಾಯಿಲೆ ಅಲ್ಲಿಯೇ ನಿಲ್ಲಲಿಲ್ಲ. 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆ, ಕಾಡು ಕಡಿದ ಮೇಲೆ, ಅದು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಆಮೇಲೆ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ಮತ್ತೆ ಸಾಗರ ತಾಲ್ಲೂಕಿನ ಅರಳಗೋಡು. ಇಲಿಮರಿಗಳ ಕಾಲ ಮುಗಿದು, ಈಗ ಒಂದು ದಿನದೊಳಗೇ ರಕ್ತದಲ್ಲಿ ವೈರಾಣುವನ್ನು ಗುರುತಿಸಬಹುದು. ಆದರೆ ಅನೇಕ ವರ್ಷ ಕೊಡುತ್ತಿದ್ದ ಲಸಿಕೆಯನ್ನು, ಅದರಲ್ಲಿ ಶಕ್ತಿ ಸಾಲದೆಂದು, 2022ರಲ್ಲಿ ನಿಲ್ಲಿಸಬೇಕಾಯಿತು. ಕಾಯಿಲೆಯನ್ನೇ ಗುರಿಯಿಟ್ಟು ಹೊಡೆಯುವ ಔಷಧ ಅಂದಿನಂತೆ ಇಂದೂ ಇಲ್ಲ.

ಆದುದರಿಂದ ಕಾಡಿನಂಚಿನಲ್ಲಿ ಬಾಳುವ ಓದುಗರಲ್ಲಿ ನನ್ನದೊಂದು ಬಿನ್ನಹ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ, ಇದ್ದಕ್ಕಿದ್ದಂತೆ ಜ್ವರ ಬಂದು ತಲೆ ಮೈಕೈ ಒಡೆದಂತೆ ನೋಯತೊಡಗಿದರೆ, ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗದೆ, ರಕ್ತ ಕಾಣುವವರೆಗೆ ಕಾಯದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ದರಕು ಗುಡಿಸಿದುದು, ದನ ಮೇಯಿಸಿದುದು, ಎಲ್ಲಿಯೋ ಮಂಗ ಸತ್ತು ಬಿದ್ದುದು, ಇವನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.